ಮೊದಲು ಕಾಗದ, ಆಮೇಲೆ ಚಿತ್ರ

ಅಪ್ಪ ಅಮ್ಮನಿಗೆ ನಮಸ್ಕಾರಗಳು. ಅಕ್ಕನಿಗೂ ಪುಟ್ಟಿಗೂ ಪ್ರೀತಿಯ ನೆನಪುಗಳು.

ನಾವೆಲ್ಲ ಕ್ಷೇಮ. ಚಳಿ ಆಗಲೇ ಶುರುವಾಗಿದೆ, ಹೀಟರ್ ಹಾಕೋದಾ ಬೇಡವಾ ಅಂತ ದಿನಾ ಬೆಳಿಗ್ಗೆ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯುತ್ತದೆ. ಫೋನಿನಲ್ಲಿ ಮಾತಾಡಿದರೆ ಊಟ ಆಯ್ತಾ, ಮಳೆ ಬಂತಾ ಅನ್ನುವುದರಲ್ಲೇ ಹೊತ್ತು ಮುಗಿದುಹೋಗುತ್ತದೆ. ಹಾಗಾಗಿ ಇದನ್ನು ಕಾಗದದಲ್ಲೇ ಬರೆದುಬಿಡೋಣ ಅಂತ ಕೂತೆ. ಅಕ್ಕ ಇದನ್ನು ನಿಧಾನವಾಗಿ ಓದಲಿ, ಅವಳ ನಲಿ-ಕಲಿ ಮಕ್ಕಳಿಗೆ ಬೇಕಾದ ವಿಷಯವೂ ಇದರಲ್ಲಿದೆ.

ಕಳೆದ ಶನಿವಾರ ಆಮ್ಹರ್ಸ್ಟ್‌ಗೆ ಹೋಗಿದ್ದೆವು. ಬಾಸ್ಟನ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಮ್ಯಾಸಚೂಸೆಟ್ಸ್ ರಾಜ್ಯದ ಆ ಭಾಗದಲ್ಲಿ ಎಲ್ಲಿ ತಿರುಗಿದರೂ ಕಾಲೇಜು, ನಡುನಡುವೆ ಹೊಲ, ಸೇಬಿನ ತೋಟ. ಕವಯಿತ್ರಿ ಎಮಿಲಿ ಡಿಕಿನ್ಸನ್ ಹುಟ್ಟಿದ್ದು, ಬಾಳಿದ್ದು, ತೀರಿಕೊಂಡದ್ದು ಎಲ್ಲಾ ಇದೇ ಊರಿನಲ್ಲಿ. ಅವರ ಮನೆ ಬಿಟ್ಟು ಬೇರೆ ಕಡೆ ಹೋದಿರಾ ಅಂತ ಅಪ್ಪ ಬೈಯುತ್ತೀರಿ, ಗೊತ್ತು. ನಾವು ಹೋದದ್ದು ಎರಿಕ್ ಕಾರ್ಲ್ ಎಂಬ ಚಿತ್ರಕಾರ ಮತ್ತು ಅವರ ಹೆಂಡತಿ ಬಾರ್ಬರಾ ಸೇರಿ ಕಟ್ಟಿದ ಮ್ಯೂಸಿಯಂಗೆ. 2002ರ ನವೆಂಬರ್‌ನಲ್ಲಿ ಬಾಗಿಲು ತೆರೆದದ್ದು. ಹ್ಯಾಂಪ್‌ಷೈರ್ ಕಾಲೇಜಿನ ಪಕ್ಕದಲ್ಲೇ, ಸೇಬಿನ ಮರಗಳ ನಡುವೆ ಇದೆ. ಅಲ್ಲಿ ಮುಖ್ಯವಾಗಿ ತೂಗುಹಾಕುವುದು ಮಕ್ಕಳ ಪುಸ್ತಕಗಳಿಗೆ ಬರೆದ ಚಿತ್ರಗಳನ್ನು.

ಪುಟ್ಟಿಗೆ ಈ ಮನುಷ್ಯ ಚೆನ್ನಾಗಿಯೇ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಅವಳ ಹುಟ್ಟುಹಬ್ಬಕ್ಕೆ ಕಳಿಸಿದ್ದೆನಲ್ಲ, ಹಸಿದ ಕಂಬಳಿಹುಳು ಸಿಕ್ಕಿದ್ದೆಲ್ಲ ತಿಂದುಕೊಂಡು ಹೋಗುವ ಪುಸ್ತಕ, ಹಣ್ಣು ಹಣ್ಣಿಗೂ ತೂತು ಇರುವುದು, ಅವಳು ಬೆರಳು ತೂರಿಸಿ ಆ ತೂತುಗಳನ್ನೇ ದೊಡ್ಡದು ಮಾಡಿಟ್ಟಿದ್ದಾಳಲ್ಲ, ಅದು ಇವರದೇ. 1969ರಲ್ಲಿ ಬಂದದ್ದು, 60ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಕಾರ್ಲ್ ಒಂದು ದಿನ ಪಂಚಿಂಗ್ ಮಷೀನ್ ಹಿಡಿದು ಸುಮ್ಮನೆ ಒಂದು ಕಟ್ಟು ಕಾಗದಕ್ಕೆ ತೂತು ಹೊಡೆಯುತ್ತಿದ್ದರಂತೆ. ಇದು ಹುಳು ಕೊರೆದ ಹಾಗಿದೆಯಲ್ಲ ಅನ್ನಿಸಿ ಪುಸ್ತಕದ ಹುಳುವಿನ ಕಥೆಯೊಂದನ್ನು ಮಾಡಿದರು. ಹುಳು ಬೇಡ, ಕಂಬಳಿಹುಳು ಆದರೆ ಹೇಗೆ ಅಂದವರು ಸಂಪಾದಕಿ ಆನ್ ಬೆನೆಡ್ಯೂಸ್. ಕಂಬಳಿಹುಳು ಅಂದ ತಕ್ಷಣ ಚಿಟ್ಟೆ ಬಂದೇಬರಬೇಕಲ್ಲ, ಕಥೆಗೆ ಕೊನೆಯೂ ಸಿಕ್ಕಿತು. ಆದರೆ ಒಂದೊಂದು ಪುಟ ಒಂದೊಂದು ಅಳತೆ, ಮೇಲೆ ತೂತು ಬೇರೆ. ಅಮೆರಿಕದಲ್ಲಿ ಅದನ್ನು ಕೈಗೆಟುಕುವ ಖರ್ಚಿನಲ್ಲಿ ಅಚ್ಚು ಹಾಕುವವರೇ ಸಿಗಲಿಲ್ಲ. ಕೊನೆಗೆ ಜಪಾನಿನಲ್ಲಿ ಅಚ್ಚಾಯಿತು.

ಮ್ಯೂಸಿಯಂನ ಯೋಚನೆಗೂ ಜಪಾನಿನ ನಂಟಿದೆ. ಮಕ್ಕಳ ಪುಸ್ತಕದ ಚಿತ್ರಕ್ಕೂ ಒಂದು ಮ್ಯೂಸಿಯಮ್ಮೇ ಅಂತ ಅಪ್ಪ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಟೋಕಿಯೊದಲ್ಲಿ ಇವಾಸಾಕಿ ಚಿಹಿರೊ ಎಂಬ ಚಿತ್ರಕಾರ್ತಿ ಬಾಳಿದ ಮನೆಯ ಜಾಗದಲ್ಲೇ 1977ರಲ್ಲಿ ಇಂಥದ್ದೊಂದು ಮ್ಯೂಸಿಯಂ ಆಗಿತ್ತು. ಕಾರ್ಲ್ ದಂಪತಿಗಳು ಜಪಾನಿಗೆ ಹೋದಾಗ ಅಂಥ ಜಾಗಗಳನ್ನು ನೋಡಿ, ನಮ್ಮಲ್ಲಿ ಯಾಕೆ ಇರಬಾರದು ಅಂದುಕೊಂಡರು. ಕಟ್ಟಡದ ನಕ್ಷೆ ಮಾಡಿದ್ದು ನಾರ್ಟನ್ ಜಸ್ಟರ್ ಕಟ್ಟಿ ಬೆಳೆಸಿದ ವಾಸ್ತುಶಿಲ್ಪದ ಸಂಸ್ಥೆ. ಆ ಜಸ್ಟರ್ ಕೂಡ ಮಕ್ಕಳಿಗೆ ಬರೆದು ಹೆಸರಾದವರು. ಬಳಗದೊಳಗೇ ಆದ ಕೆಲಸ ಅನ್ನಿ.

ಒಳಗೆ ಕಾಲಿಟ್ಟರೆ ಉದ್ದನೆಯ ಹಜಾರ, ಬೆಳಕೋ ಬೆಳಕು. ಕಾರ್ಲ್ ಕೈಯಾರೆ ಬಣ್ಣ ಹಾಕಿದ ನಾಲ್ಕು ಭಾರಿ ಚಿತ್ರಫಲಕಗಳು ಅಲ್ಲಿವೆ. ಅದರಲ್ಲಿ ಹುಳುವೂ ಇಲ್ಲ ಕರಡಿಯೂ ಇಲ್ಲ, ಬರೀ ಬಣ್ಣದ ಓಟ. ನಮ್ಮವರು ಅದರ ಮುಂದೆ ನಿಂತು, ಇದು ಪೂರ್ತಿ ಆಗಿಲ್ಲವಾ ಅಂತ ಕೇಳಿದರು. ಉತ್ತರ ನನಗೆ ಸಿಕ್ಕಿದ್ದು ಮಧ್ಯಾಹ್ನದ ಮೇಲೆ.

ಗ್ಯಾಲರಿಗಳಲ್ಲಿ ಬೆಳಕು ಮಂದ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆ, ಅದಕ್ಕೇ ಮೂಲ ಚಿತ್ರಗಳನ್ನು ಕೆಲವು ತಿಂಗಳು ಮಾತ್ರ ಗೋಡೆಗೆ ಹಾಕಿ ಮತ್ತೆ ಕತ್ತಲೆಗೆ ಸೇರಿಸುತ್ತಾರೆ. ಅಮ್ಮ ರೇಷ್ಮೆ ಸೀರೆ ನೋಡಿಕೊಳ್ಳುವ ಹಾಗೆ. ಅಚ್ಚಿನಲ್ಲಿ ನೋಡಿದ ಚಿತ್ರವನ್ನು ಮೂಲದಲ್ಲಿ ನೋಡಿದಾಗ ಏನು ಕಂಡಿತು ಗೊತ್ತಾ? ಅಂಟು! ಒಂದು ಹಕ್ಕಿಯ ರೆಕ್ಕೆಯ ಹತ್ತಿರ ಮೂಗು ತಗಲುವಷ್ಟು ಬಗ್ಗಿ ನೋಡಿದೆ. ನೀಲಿ ಕಾಗದದ ಮೇಲೆ ಹಸಿರು ಕಾಗದ, ಎರಡೂ ತೆಳು, ಕೆಳಗಿನದು ಮೇಲಿನದರಲ್ಲಿ ಹಾಯ್ದು ಮೂರನೆಯ ಬಣ್ಣವೊಂದು ತಾನಾಗಿ ಬಂದಿದೆ. ಅಂಚಿನಲ್ಲಿ ಕಾಗದ ಕೂದಲೆಳೆಯಷ್ಟು ಸುಕ್ಕುಗಟ್ಟಿದೆ. ಒಂದು ಕಡೆ ಬ್ರಷ್ ಒಣಗುತ್ತ ಬಂದು ಗೀರುಗೀರಾಗಿದೆ, ಆ ಗೀರೇ ಗರಿ ಆಗಿದೆ. ಗರಿ ಅಂತ ಅದನ್ನು ಯಾರೂ ಬಿಡಿಸಿಲ್ಲ, ಹುಡುಕಿ ಆರಿಸಿದ್ದಾರೆ.

ಅವರು ಕೆಲಸ ಮಾಡುತ್ತಿದ್ದ ರೀತಿಯೇ ಹಾಗೆ. ಬಿಳಿ ಟಿಶ್ಯೂ ಕಾಗದ, ಅಂದರೆ ಗಾಳಿ ಬಂದರೆ ಹಾರಿಹೋಗುವಂಥ ತೆಳು ಹಾಳೆ, ತೆಗೆದುಕೊಂಡು ಅದಕ್ಕೆ ಅಕ್ರಿಲಿಕ್ ಬಣ್ಣ ಬಳಿಯುವುದು. ಒಮ್ಮೆ ಅಗಲ ಬ್ರಷ್, ಒಮ್ಮೆ ಸಣ್ಣದು. ಒಮ್ಮೆ ನೇರ ಗೆರೆ, ಒಮ್ಮೆ ಅಲೆ. ಕೆಲವು ಸಲ ಬರೀ ಬೆರಳು. ಕಾರ್ಪೆಟ್ಟಿನ ತುಂಡು, ಸ್ಪಂಜು, ಗೋಣಿತಟ್ಟು, ಇವಕ್ಕೆಲ್ಲ ಬಣ್ಣ ಹಚ್ಚಿ ಹಾಳೆಯ ಮೇಲೆ ಒತ್ತುವುದೂ ಉಂಟು. ಒಣಗಿದ ಮೇಲೆ ಕೆಂಪೆಲ್ಲ ಒಂದು ಡ್ರಾಯರಿಗೆ, ಹಸಿರೆಲ್ಲ ಇನ್ನೊಂದಕ್ಕೆ. ಇಷ್ಟು ಹೊತ್ತೂ ಚಿತ್ರದ ಮಾತೇ ಇಲ್ಲ ನೋಡಿ. ಪುಸ್ತಕ ಮಾಡುವಾಗ ಡ್ರಾಯರ್ ಎಳೆದು, ಯಾವ ಹಸಿರು ಈ ಹುಳುವಿನ ಬೆನ್ನಿಗೆ ಸರಿ ಅಂತ ಹುಡುಕಿ, ಕತ್ತರಿಸಿ, ಗೋಡೆಗೆ ವಾಲ್‌ಪೇಪರ್ ಅಂಟಿಸುವ ಗೋಂದಿನಿಂದ ದಪ್ಪ ರಟ್ಟಿಗೆ ಅಂಟಿಸುವುದು. ಹಜಾರದ ಆ ನಾಲ್ಕು ಫಲಕಗಳು ನನಗೆ ಅರ್ಥವಾದದ್ದು ಆಗಲೇ. ಅವು ಇನ್ನೂ ಕತ್ತರಿ ಕಾಣದ ಕಾಗದಗಳು, ಗಾತ್ರ ಮಾತ್ರ ಗೋಡೆಯಷ್ಟು.

ಮನುಷ್ಯನ ಬದುಕು ಅಷ್ಟೇನೂ ಬಣ್ಣದ್ದಲ್ಲ. ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ. ತಂದೆ ತಾಯಿ ಜರ್ಮನಿಯಿಂದ ಬಂದವರು, ಊರಿನ ಸೆಳೆತಕ್ಕೆ 1935ರಲ್ಲಿ ಮಗನನ್ನು ಕರೆದುಕೊಂಡು ಸ್ಟುಟ್‌ಗಾರ್ಟ್‌ಗೆ ಮರಳಿದರು. ಹೋಗಿಹೋಗಿ ಎಂಥ ಕಾಲಕ್ಕೆ ಹೋದರು ನೋಡಿ. ಕಾಡಿನಲ್ಲಿ ಕಲ್ಲು ಎತ್ತಿ, ತೊಗಟೆ ಸುಲಿದು ಹುಳುಹುಪ್ಪಟೆ ತೋರಿಸುತ್ತಿದ್ದ ಅಪ್ಪ ಯುದ್ಧಕ್ಕೆ ಹೋಗಿ, ಸೋವಿಯತ್ ಸೆರೆಯಲ್ಲಿದ್ದು, 1947ರಲ್ಲಿ ಬಡಕಲಾಗಿ ವಾಪಸ್ ಬಂದರು. ಹುಡುಗನನ್ನೂ ಹದಿನೈದರ ವಯಸ್ಸಿಗೆ ಕಂದಕ ತೋಡಲು ಎಳೆದೊಯ್ದಿದ್ದರು. ಈ ನಡುವೆ ಫ್ರಿಡೊಲಿನ್ ಕ್ರೌಸ್ ಎಂಬ ಡ್ರಾಯಿಂಗ್ ಮೇಷ್ಟ್ರು ಅವನನ್ನು ಮನೆಗೆ ಕರೆದು, ನಾಜಿಗಳು ನಿಷೇಧಿಸಿದ್ದ ಪಿಕಾಸೊ, ಮತೀಸ್ ಮುಂತಾದವರ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಯಾರಿಗಾದರೂ ತಿಳಿದಿದ್ದರೆ ಮೇಷ್ಟ್ರ ಗತಿ ಏನಾಗುತ್ತಿತ್ತೋ. ಫ್ರಾಂಜ್ ಮಾರ್ಕ್ ಬರೆದ ನೀಲಿ ಕುದುರೆ ಹುಡುಗನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತು. 2011ರಲ್ಲಿ, ಎಂಬತ್ತು ದಾಟಿದ ಮೇಲೆ, ನೀಲಿ ಕುದುರೆ ಬರೆಯುವ ಚಿತ್ರಕಾರನ ಬಗ್ಗೆಯೇ ಒಂದು ಪುಸ್ತಕ ಮಾಡಿದರು. ಅಕ್ಕಾ, ಮಕ್ಕಳು ಆನೆಗೆ ಗುಲಾಬಿ ಬಣ್ಣ ಹಾಕಿದರೆ ತಿದ್ದುವ ಮುಂಚೆ ಇದನ್ನು ನೆನಪು ಮಾಡಿಕೊ.

1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ಅಮೆರಿಕಕ್ಕೆ ವಾಪಸಾದರು. ಲಿಯೊ ಲಿಯೊನ್ನಿ ಎಂಬ ಹಿರಿಯ ಕಲಾವಿದರ ಸಹಾಯದಿಂದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು, ಆಮೇಲೆ ಜಾಹೀರಾತು. ಜಾಹೀರಾತಿಗೆ ಮಾಡಿದ ಕೆಂಪು ಲಾಬ್‌ಸ್ಟರ್, ಅಂದರೆ ದೊಡ್ಡ ಸೀಗಡಿಯಂಥ ಸಮುದ್ರಜೀವಿಯ ಚಿತ್ರವೊಂದು ಲೇಖಕ ಬಿಲ್ ಮಾರ್ಟಿನ್ ಜೂನಿಯರ್ ಕಣ್ಣಿಗೆ ಬಿದ್ದು, ಮಾರ್ಟಿನ್ ಬರೆದ ಕಂದು ಕರಡಿಯ ಪುಸ್ತಕಕ್ಕೆ ಇವರು ಚಿತ್ರ ಬರೆದರು, 1967ರಲ್ಲಿ ಬಂದ ಅದೇ ಇವರ ಮೊದಲ ಮಕ್ಕಳ ಪುಸ್ತಕ. ಆಗ ವಯಸ್ಸು ಮೂವತ್ತೆಂಟು. 2021ರಲ್ಲಿ ತೀರಿಕೊಂಡರು.

ಇನ್ನು ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಗ. ಮ್ಯೂಸಿಯಂ ಒಳಗೇ ಒಂದು ಆರ್ಟ್ ಸ್ಟುಡಿಯೊ ಇದೆ, ಬಂದವರೆಲ್ಲ ಕೂತು ಏನಾದರೂ ಮಾಡಬಹುದು. ಮಕ್ಕಳಿಗೆ ಮಾತ್ರ ಅಂತಿಲ್ಲ. ನನ್ನ ಎದುರಿಗೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕನ್ನಡಕ ಹಣೆಗೇರಿಸಿಕೊಂಡು ಹಳದಿ ಕಾಗದ ಹರಿಯುತ್ತ ಕೂತಿದ್ದರು, ಜೊತೆಯಲ್ಲಿ ಮೊಮ್ಮಕ್ಕಳೂ ಕಾಣಲಿಲ್ಲ. ಮೇಜಿನ ಮೇಲೆ ಇದ್ದದ್ದು ಬಣ್ಣದ ಚೂರುಗಳು, ಸಣ್ಣ ಬ್ರಷ್ಷು, ಬಟ್ಟಲಲ್ಲಿ ನೀರಾಗಿಸಿದ ಗೋಂದು, ರಟ್ಟು. ಮಾದರಿ ಅಂತ ಮುಂದೆ ಏನೂ ಇಟ್ಟಿರಲಿಲ್ಲ.

ಅದು ನನಗೆ ದೊಡ್ಡ ಸಮಾಧಾನ. ಈಗ ಅಂಗಡಿಗಳಲ್ಲಿ ಕ್ರಾಫ್ಟ್ ಕಿಟ್ ಅಂತ ಡಬ್ಬಿ ಸಿಗುತ್ತದೆ, ಗೂಬೆಯ ಕಣ್ಣು ಕತ್ತರಿಸಿ ಕೊಟ್ಟಿರುತ್ತಾರೆ, ಕೊಕ್ಕು ಕತ್ತರಿಸಿ ಕೊಟ್ಟಿರುತ್ತಾರೆ, ಎಲ್ಲಿ ಅಂಟಿಸಬೇಕು ಅಂತ ಚುಕ್ಕೆ ಕೂಡ ಹಾಕಿರುತ್ತಾರೆ. ಮಗು ಮಾಡುವುದು ಗುಮಾಸ್ತೆಯ ಕೆಲಸ. ಇಪ್ಪತ್ತು ಮಕ್ಕಳು ಮಾಡಿದರೆ ಇಪ್ಪತ್ತು ಒಂದೇ ಗೂಬೆ. ಇಲ್ಲಿ ಒಂದು ಹುಡುಗ ನೇರಳೆ ಕಾಗದವನ್ನು ಉದ್ದುದ್ದ ಹರಿದು ಮಳೆ ಮಾಡಿದ, ಮಳೆಯ ಮೇಲೆ ಇನ್ನಷ್ಟು ಮಳೆ ಅಂಟಿಸಿದ, ಕೊನೆಗೆ ಬರೀ ಕತ್ತಲೆ ಆಯಿತು. ಅಲ್ಲಿದ್ದ ಶಿಕ್ಷಕಿ ಇದು ಏನು ಅಂತ ಕೇಳಲಿಲ್ಲ, ಇದರ ಬಗ್ಗೆ ಹೇಳು ಅಂದರು. ಅವನು ಐದು ನಿಮಿಷ ನಿಲ್ಲಿಸದೆ ಹೇಳಿದ.

ನಾನು ಮಾಡಿದ್ದು ಮೀನು. ಮೊದಲು ಹಾಳೆಗೆ ಕಿತ್ತಳೆ ಬಳಿದು, ಹಸಿ ಇರುವಾಗಲೇ ಬ್ರಷ್ಷಿನ ಹಿಂತುದಿಯಿಂದ ಗೀಚಿದೆ. ಒಣಗಿದ ಮೇಲೆ ತಿರುಗಿಸಿ ನೋಡಿದರೆ ಅದರಲ್ಲಿ ಬಾಲ ಕಂಡಿತು, ಹಾಗಾಗಿ ಮೀನು. ಬೇರೆ ಕಡೆಯಿಂದ ನೋಡಿದ್ದರೆ ಕೋಳಿ ಆಗುತ್ತಿತ್ತೇನೋ. ನಮ್ಮವರು, ಕೆಲಸ ಪೂರ್ತಿ ಆಗಿಲ್ಲ ಅಂದ ಅದೇ ಮಹಾಶಯರು, ಕೈಗೆ ಅಂಟು ಮೆತ್ತಿಕೊಂಡು, ಮ್ಯೂಸಿಯಂ ಮುಚ್ಚುವ ಹೊತ್ತಾಯಿತು ಅಂದರೂ ಏಳಲಿಲ್ಲ.

ಅಕ್ಕಾ, ಇದು ನಿನ್ನ ತರಗತಿಗೆ. ಟಿಶ್ಯೂ ಕಾಗದವೇ ಬೇಕಂತಿಲ್ಲ, ಗಾಳಿಪಟದ ತೆಳು ಕಾಗದ ಸಾಕು, ಬಿಳಿಯದು. ಬಣ್ಣ ನೀರುನೀರಾಗಿ ಇರಬಾರದು, ಕಾಗದ ಹರಿಯುತ್ತದೆ. ಹಾಳೆಯ ಕೆಳಗೆ ಪ್ಲಾಸ್ಟಿಕ್ ಹಾಸು, ಇಲ್ಲದಿದ್ದರೆ ಒಣಗಿದ ಮೇಲೆ ಮೇಜಿಗೇ ಅಂಟಿಕೊಂಡು ಕೂರುತ್ತದೆ. ಅಂಟಿಗೆ ಮೈದಾ ಕಾಯಿಸಿದ ಗಂಜಿ ನಡೆಯುತ್ತದೆ, ತೆಳ್ಳಗಿರಲಿ. ರಟ್ಟಿಗೂ ಹಚ್ಚು, ಕಾಗದ ಇಟ್ಟ ಮೇಲೆ ಮೇಲಿನಿಂದಲೂ ಒಂದು ಕೈ ಎಳೆ. ಬಣ್ಣ ಬಳಿಯುವುದು ಒಂದು ದಿನ, ಕತ್ತರಿಸುವುದು ಇನ್ನೊಂದು ದಿನ ಇಟ್ಟುಕೋ. ಒಂದೇ ದಿನ ಮಾಡಿಸಿದರೆ ಮಕ್ಕಳು ಮೊದಲೇ ಸೂರ್ಯ, ಮನೆ, ತೆಂಗಿನಮರ ಅಂತ ನಿರ್ಧರಿಸಿಬಿಡುತ್ತಾರೆ. ಮತ್ತೆ, ಯಾರು ಬಳಿದ ಹಾಳೆಯನ್ನು ಯಾರು ಬೇಕಾದರೂ ಕತ್ತರಿಸಲಿ. ಮೊದಲ ದಿನ ಸ್ವಲ್ಪ ಜಗಳ ಆಗುತ್ತದೆ, ಆಗಲಿ ಬಿಡು.

ಕಥೆ ಓದಿ ಹೇಳುವ ಕ್ರಮವೂ ಆ ಮ್ಯೂಸಿಯಂನಲ್ಲಿ ಬೇರೆ. ಅಕ್ಷರಕ್ಕೆ ಬರುವ ಮೊದಲು ರಕ್ಷಾಪುಟ, ಒಳರಟ್ಟಿನ ಬಣ್ಣ, ಪುಸ್ತಕ ಅಡ್ಡವಾಗಿದೆಯೋ ಉದ್ದವಾಗಿದೆಯೋ, ಎಲ್ಲದರ ಬಗ್ಗೆಯೂ ಮಕ್ಕಳನ್ನು ಮಾತಾಡಿಸುತ್ತಾರೆ. ಈ ಚಿತ್ರದಲ್ಲಿ ಏನು ನಡೀತಿದೆ ಅಂತ ಕೇಳುವುದು. ಮಗು ಏನೋ ಹೇಳಿದರೆ, ಏನು ನೋಡಿ ಹಾಗನ್ನಿಸಿತು ಅಂತ ಇನ್ನೊಂದು ಪ್ರಶ್ನೆ. ಪುಟ್ಟಿಯ ಮೇಲೆ ಪ್ರಯೋಗ ಮಾಡಿ ನೋಡು. ಅಪ್ಪನ ಮೇಲೆ ಮಾಡಿದರೂ ಅಡ್ಡಿಯಿಲ್ಲ.

ನನ್ನ ಮೀನನ್ನೂ ಬಣ್ಣ ಬಳಿದ ಏಳೆಂಟು ಹಾಳೆಗಳನ್ನೂ ಪಾರ್ಸೆಲ್‌ನಲ್ಲಿ ಹಾಕಿದ್ದೇನೆ, ಅಮ್ಮನ ಮೊಣಕಾಲಿನ ಪಟ್ಟಿಯೂ ಅದರಲ್ಲೇ ಇದೆ. ಹಾಳೆಗಳನ್ನು ಇಸ್ತ್ರಿ ಮಾಡಬೇಡ ಅಮ್ಮಾ, ಸುಕ್ಕು ಹಾಗೇ ಇರಲಿ. ಅಪ್ಪನ ಕಣ್ಣಿನ ಆಪರೇಷನ್‌ಗೆ ಡಾಕ್ಟರು ಯಾವ ತಾರೀಖು ಕೊಟ್ಟರು ಅಂತ ತಕ್ಷಣ ತಿಳಿಸಿ, ಅದಕ್ಕೆ ಸರಿಯಾಗಿ ರಜೆ ಹಾಕಬೇಕು.

ಇಂತಿ ನಿಮ್ಮ ಮಗಳು