ಖಾಲ್ತಿಗೆ, ಆಮೇಲೆ ಮರಾಕೆಶಿನ ಎಲ್ಲರಿಗೂ

ನಿನ್ನೆ ಸಂಜೆ ಕೋಲಿಲ್ಲದೆ ಹೊನ್ನಾವರದ ಕಾಸರಕೋಡ ಬೀಚಿನಲ್ಲಿ ಒಂದು ಸುತ್ತು ನಡೆದು ಬಂದೆ. ಮೊರೊಕ್ಕೊದ ಮರಾಕೆಶಿನಲ್ಲಿ, ಭೂಕಂಪದ ರಾತ್ರಿ ಕಾಲಿಗೆ ಪೆಟ್ಟಾಗಿ ಏಳು ತಿಂಗಳಾಯ್ತು. ಕಾಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಕೇಳಿ ಕೇಳಿ ಬೇಸರವೂ ಬಂದಿರಬೇಕು. ಅದನ್ನು ಬಿಡುತ್ತೇನೆ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅದಕ್ಕೇ ಈ ಬರಹ.

ಹೋಟೆಲಿನ ಲೆಕ್ಕಪತ್ರ ವಿಭಾಗದ ಗೆಳೆಯರು, ಕಾರಿಡಾರಿನ ಗದ್ದಲದಲ್ಲೂ ನನ್ನ ಕೈ ಹಿಡಿದು ನಿಂತ ನರ್ಸ್, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕಾಸಾಬ್ಲಾಂಕಾ ಮುಟ್ಟಿಸಿ ದುಡ್ಡು ಬೇಡವೇ ಬೇಡ ಎಂದ ಟ್ಯಾಕ್ಸಿಯವರು, ಬೆಂಗಳೂರಿನ ಗೆಳತಿಯರು, ಅಣ್ಣ, ಅತ್ತಿಗೆ, ಅಮ್ಮ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಬರೆಯಬೇಕಿರುವುದು ಖಾಲ್ತಿಯ ಬಗ್ಗೆ.

ಖಾಲ್ತಿ ಅಂದರೆ ಮೊರೊಕ್ಕೊದ ಅರಬಿ ಮಾತಿನಲ್ಲಿ ಅಮ್ಮನ ಅಕ್ಕ ಅಥವಾ ತಂಗಿ. ವಯಸ್ಸಾದ ಯಾವ ಹೆಂಗಸನ್ನೂ ಹಾಗೆ ಕರೆಯಬಹುದು. ಹಳೇ ಊರಿನ ಕೆಂಪು ಗೋಡೆಗಳ ಓಣಿಯಲ್ಲಿ ನಮ್ಮದು ಎದುರುಬದುರು ಬಾಗಿಲು. ನಾನು ಬಂದ ವಾರವೇ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ತಂದುಕೊಟ್ಟರು. ಅವರಿಗೆ ಅದು ಖೊಬ್ಝ್. ದಪ್ಪ, ದುಂಡಗೆ, ಮೇಲೆ ಹಿಟ್ಟಿನ ಪುಡಿ. ಮೂರು ಹೊತ್ತೂ ಅದೇ. ಶುಕ್ರವಾರ ಮಾತ್ರ ಗೋಧಿ ರವೆಯ ಕುಸ್‌ಕುಸ್.

ಇದನ್ನು ಹೇಳುವಾಗ ಇಬ್ನ್ ಬತೂತಾ ನೆನಪಾಗುತ್ತಾನೆ. 1304ರಲ್ಲಿ ಅದೇ ದೇಶದ ತಾಂಜಿಯರ್‌ನಲ್ಲಿ ಹುಟ್ಟಿದವನು, ಸುತ್ತುತ್ತಾ ನಮ್ಮ ಹೊನ್ನಾವರಕ್ಕೇ ಬಂದಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇವೆ ಅಂತ ಬರೆದಿಟ್ಟಿದ್ದಾನೆ. ಇಲ್ಲಿ 11 ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನ ತಿಂದೆ ಅಂತಲೂ. ನಾನು ಅವನ ಊರಿನ ಕಡೆ ಹೋಗಿ ಅನ್ನವಿಲ್ಲದೆ ರೊಟ್ಟಿ ತಿಂದೆ. ಲೆಕ್ಕ ಚುಕ್ತಾ ಅಲ್ವಾ ಅಂತ ಹೇಳಿದರೆ ಖಾಲ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಹದಿನಾಲ್ಕು ತಿಂಗಳಲ್ಲಿ ಆ ದೇಶ ನನಗೆ ಗೊತ್ತು ಅಂದುಕೊಂಡಿದ್ದೆ. ಎತ್ತರದಿಂದ ಸುರಿಯುವ ಪುದೀನ ಚಹಾ ಗೊತ್ತು. ಭಾರತದವಳು ಅಂದ ಕೂಡಲೇ "ಶಾರುಖ್ ಖಾನ್!" ಅಂತ ಕೂಗುವ ಹುಡುಗರು ಗೊತ್ತು. 2022ರ ಡಿಸೆಂಬರಿನಲ್ಲಿ ಪೋರ್ಚುಗಲ್ಲನ್ನು ಸೋಲಿಸಿ, ಫುಟ್‌ಬಾಲ್ ವಿಶ್ವಕಪ್ಪಿನ ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕಾ ದೇಶವಾದಾಗ ಖಾಲ್ತಿ ಮಾಳಿಗೆ ಹತ್ತಿ ನಾಲಿಗೆ ಆಡಿಸುತ್ತಾ ಕೂಗಿದ್ದೂ ಗೊತ್ತು. ಅವರು ಅಮಾಝಿಗ್ ಅನ್ನುವುದೂ ಗೊತ್ತಿತ್ತು. ಅರಬರು ಬರುವುದಕ್ಕೂ ಮುಂಚೆಯಿಂದ ಅಲ್ಲೇ ಇದ್ದ ಜನ, ಅವರ ಮಾತಿಗೆ 2011ರ ಸಂವಿಧಾನದಲ್ಲಿ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಸರ್ಕಾರಿ ಬೋರ್ಡಿನ ತಿಫಿನಾಘ್ ಅಕ್ಷರ ತೋರಿಸಿ "ಅದು ನಮ್ಮದು" ಅನ್ನುತ್ತಿದ್ದರು. ಓದಲು ಬಾರದು, ಆದರೂ. ಅವರ ತವರು ಬೆಟ್ಟದ ಕಡೆ ಅಂತ ಎಷ್ಟು ಸಲ ಹೇಳಿದ್ದರೋ. ಊರಿನ ಹೆಸರು ಕೇಳಿರಲಿಲ್ಲ ನಾನು.

2023ರ ಸೆಪ್ಟೆಂಬರ್ 8, ರಾತ್ರಿ 11 ಗಂಟೆ 11 ನಿಮಿಷ. ಮೆಟ್ಟಿಲಲ್ಲಿ ಬಿದ್ದವಳ ಹತ್ತಿರ ಮೊದಲು ಬಂದದ್ದು ಖಾಲ್ತಿ. ಅವರ ತಲೆವಸ್ತ್ರವೇ ನನ್ನ ಕಾಲಿಗೆ ಪಟ್ಟಿಯಾಯಿತು. "ಮಾ ತ್ಖಾಫೀಶ್, ಬೆಂತಿ." ಹೆದರಬೇಡ, ಮಗಳೇ. ಅರ್ಧ ಹೊತ್ತು, ಅರ್ಧ ಎಳೆದು, ಜಮಾ ಎಲ್‌ಫ್ನಾ ಚೌಕಕ್ಕೆ ತಂದು ಕೂರಿಸಿದರು. ಹಾವಾಡಿಗರು, ಕಥೆ ಹೇಳುವವರು ಕೂರುವ ಜಾಗದಲ್ಲಿ ಆ ರಾತ್ರಿ ಕಂಬಳಿ ಹೊದ್ದ ಊರು ಕೂತಿತ್ತು. ಖರ್ಬೂಶ್ ಮಸೀದಿಯ ಮಿನಾರು ಬಿದ್ದಿತ್ತು. ಕುತೂಬಿಯಾದ್ದು ನಿಂತಿತ್ತು.

ನಾನು ಅತ್ತೆ. ನೋವು ಅಂದೆ, ನೀರು ಅಂದೆ, ಅಮ್ಮನಿಗೆ ಫೋನ್ ಹತ್ತುತ್ತಿಲ್ಲ ಅಂದೆ. ಖಾಲ್ತಿ ತಮ್ಮ ಫೋನನ್ನೂ ತೆಗೆಯುತ್ತಿದ್ದರು. ಒತ್ತುವುದು, ಕಿವಿಗೆ ಇಡುವುದು, ಕಾಯುವುದು, ಮಗುಚಿ ಮಡಿಲಲ್ಲಿ ಇಡುವುದು. ಮತ್ತೆ ನನ್ನ ತಲೆ ನೇವರಿಸುವುದು. ಯಾರಿಗೆ ಮಾಡುತ್ತಿದ್ದೀರಿ ಅಂತ ನಾನು ಕೇಳಲಿಲ್ಲ. ನಡುರಾತ್ರಿ ಯಾರ ಹತ್ತಿರವೋ ಬೇಡಿ ರೊಟ್ಟಿ ತಂದು, ಚೂರು ಮಾಡಿ ನನ್ನ ಬಾಯಿಗೆ ಇಟ್ಟರು. ಅವರು ತಿಂದರಾ? ಅದನ್ನೂ ನೋಡಲಿಲ್ಲ.

ಬೆಳಿಗ್ಗೆ ಫೋನ್ ಬಂತು. ಭೂಕಂಪದ ಕೇಂದ್ರ ಇಗಿಲ್, ಮರಾಕೆಶಿನಿಂದ ಸುಮಾರು 70 ಕಿಲೋಮೀಟರ್, ಅಟ್ಲಾಸ್ ಬೆಟ್ಟದಲ್ಲಿ. ಖಾಲ್ತಿಯ ತಂಗಿಯ ಮನೆ ಅದೇ ಕಡೆ. ಮಣ್ಣಿನ ಮನೆಗಳು ಬಿದ್ದರೆ ಒಳಗೆ ಉಸಿರಾಡಲೂ ಜಾಗ ಉಳಿಯುವುದಿಲ್ಲವಂತೆ, ಪೂರ್ತಿ ಪುಡಿ. ತಂಗಿ ಬದುಕಿದ್ದರು. ತಂಗಿಯ ಗಂಡ, ಸಣ್ಣ ಮಗಳು ಹೊರಗೆ ಬರಲಿಲ್ಲ.

ಖಾಲ್ತಿ ನೆಲದ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಆಮೇಲೆ ಎದ್ದು, ಮೊದಲು ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿ, ಆಮೇಲೆ ಬೆಟ್ಟದ ಕಡೆ ಹೊರಟರು. ಮೊದಲು ನನ್ನನ್ನು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಇಡೀ ರಾತ್ರಿ ಒಂದು ಕಾಲಿಗಾಗಿ ಅತ್ತವಳು ನಾನು, ಮಾರಾಯ್ರೆ.

ಉಳಿದದ್ದನ್ನು ಆಸ್ಪತ್ರೆಯ ಮಂಚದಿಂದ ಕೇಳಿ ತಿಳಿದುಕೊಂಡೆ. 2,900ಕ್ಕೂ ಜಾಸ್ತಿ ಜನ ತೀರಿಹೋದರು. ರಕ್ತ ಕೊಡುವವರ ಸಾಲು ರಸ್ತೆಗೆ ಬಂದಿತ್ತು. ದೂರದೂರದ ಊರುಗಳಿಂದ ಕಂಬಳಿ, ಹಿಟ್ಟು, ಎಣ್ಣೆ ತುಂಬಿದ ಗಾಡಿಗಳು ಹೊರಟಿದ್ದವು. ಗುಡ್ಡ ಕುಸಿದು ದಾರಿ ಮುಚ್ಚಿದ ಕಡೆ ಸಾಮಾನನ್ನು ಕತ್ತೆಗಳ ಮೇಲೆ ಹೇರಿದರಂತೆ. ಚಹಾ, ಫುಟ್‌ಬಾಲು ನೋಡಿ ನಾನು ಗೊತ್ತು ಅಂದುಕೊಂಡಿದ್ದ ದೇಶದ ಜನ ಇವರೇ.

2024ರ ಜನವರಿ 14ರಂದು ಖಾಲ್ತಿಯ ಫೋನ್ ಬಂತು. ಅವರ ಹೊಸವರ್ಷ ಯೆನ್ನಾಯರ್, 2974ನೇದು. ಸರ್ಕಾರ ಅದಕ್ಕೆ ರಜೆ ಕೊಟ್ಟದ್ದು ಅದೇ ಮೊದಲ ಸಲ. ಖುಷಿಯಾ ಅಂತ ಕೇಳಿದೆ. ಗುಡಾರದಲ್ಲಿ ತುಂಬಾ ಚಳಿ ಅಂದರು. ತಂಗಿಯ ಜೊತೆ ಅಲ್ಲೇ ಇದ್ದಾರೆ. ಈ ಸಲ ನಾನೇ ಕೇಳಿದೆ, ತಂಗಿ ಹೇಗಿದ್ದಾರೆ, ಊಟ ಮಾಡುತ್ತಾರಾ, ಮಾತಾಡುತ್ತಾರಾ ಅಂತ. ಗೊತ್ತಿದ್ದಷ್ಟು ಮುರುಕಲು ಅರಬಿಯಲ್ಲಿ ಕೇಳಿದೆ. ಸ್ವಲ್ಪ ಸ್ವಲ್ಪ ಅಂದರು. ನನ್ನ ಹೊಸವರ್ಷದ ಊಟ ಏನು ಅಂತ ಕೇಳಿದರು. ಅನ್ನ ಅಂದೆ. "ಇನ್ನೂ ಅನ್ನವೇ?" ಅಂತ ನಕ್ಕರು.

ಫೋನ್ ಇಡುವ ಮುಂಚೆ ಹೇಳಿದರು, ಮೆಟ್ಟಿಲಲ್ಲಿ ಬಿಟ್ಟುಹೋದ ನಿನ್ನ ಚಪ್ಪಲಿ ನನ್ನ ಹತ್ತಿರ ಇದೆ, ಒಂದೇ ಒಂದು, ಎಸೆದಿಲ್ಲ.

ಇನ್ನೊಂದು ಇಲ್ಲಿದೆ, ಖಾಲ್ತಿ. ಹಾಕಿಕೊಂಡೇ ಬರುತ್ತೇನೆ. ಥ್ಯಾಂಕ್ಸ್ ಅನ್ನುವುದನ್ನು ನಿಮ್ಮ ಮಾತಿನಲ್ಲೇ ಹೇಳುವುದಾದರೆ, ತನ್ಮಿರ್ತ್.