ಬೋರಿನ ಪುಡಿಯನ್ನು ಶಾಲೆಗೆ ಕೊಡಿಸಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಕೆಲಸದಲ್ಲಿದ್ದಾಗ ಸಚಿವರಿಗೆ ಹೀಗೆ ಎಲ್ಲರೆದುರು ಪತ್ರ ಬರೆಯುವ ಧೈರ್ಯ ಇರಲಿಲ್ಲ. ಈಗ ಪಿಂಚಣಿ ಬರುತ್ತಿದೆ, ಧೈರ್ಯವೂ ಬಂದಿದೆ.

ಕೇಳುವುದು ಒಂದೇ. ಸರ್ಕಾರಿ ದುಡ್ಡಿನಲ್ಲಿ ಹಳ್ಳಿಗಳಲ್ಲಿ ಬೋರ್ ಕೊರೆಸುತ್ತಾರಲ್ಲ, ಆಗ ಮೇಲೆ ಬರುವ ಕಲ್ಲುಪುಡಿಯಲ್ಲಿ, ಕೊರೆಯುವ ಕಬ್ಬಿಣದ ರಾಡ್ ಒಂದೊಂದು ಇಳಿದಾಗಲೂ ಒಂದೊಂದು ಹಿಡಿ ಹತ್ತಿರದ ಶಾಲೆಗೆ ಸೇರಬೇಕು. ಅಷ್ಟೆ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಪಕ್ಕದ ತೋಟಕ್ಕೆ ಬೋರ್ ಲಾರಿ ಬಂತು. ಆ ಸದ್ದಿನಲ್ಲಿ ಪಾಠ ಎಲ್ಲಿಂದ ಮಾಡೋದು? ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೇಲಿಯ ಈಚೆ ದೂರದಲ್ಲಿ ನಿಲ್ಲಿಸಿ, ಮೂಗಿಗೆ ಕರ್ಚೀಫು ಕಟ್ಟಿಸಿದೆ. ರಿಗ್ಗಿನ, ಅಂದರೆ ಕೊರೆಯುವ ಯಂತ್ರದ ಹುಡುಗರು ತಮಿಳುನಾಡಿನವರು. ಮೊದಲು ಗದರಿದರು, ಆಮೇಲೆ ತಾವೇ ಸಲಿಕೆಯಲ್ಲಿ ಪುಡಿ ಹಿಡಿದು ಕೊಟ್ಟರು. 20 ಅಡಿಯ ಒಂದೊಂದು ರಾಡ್ ಇಳಿದಾಗ ಒಂದೊಂದು ಪೊಟ್ಟಣ. 600 ಅಡಿಗೆ 30 ಪೊಟ್ಟಣ.

ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬ್ ಇರುತ್ತದಲ್ಲ, ಅದರಲ್ಲೊಂದು ತುಂಡು ತಂದೆವು. ಒಂದು ಪೊಟ್ಟಣಕ್ಕೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ತುಂಬಿದೆವು. 600 ಅಡಿಯ ಬೋರ್ ಮಕ್ಕಳ ಸ್ಕೇಲಿನಷ್ಟು ಉದ್ದಕ್ಕೆ ಬಂದು ನಿಂತಿತು. ತುದಿಯಲ್ಲಿ ಕೆಂಪು ಮಣ್ಣು. ಕೆಳಗೆ ಹಳದಿ ಬಣ್ಣದ ಗರಸು. ಅದರ ಕೆಳಗೆ ಬರೀ ಬೂದು, ಬೂದು, ಬೂದು. ಒಂದು ಕಡೆ ಮಾತ್ರ ಬಿಳಿ ಬೆಣಚುಕಲ್ಲಿನ ಚೂರು. ಅಲ್ಲೇ ಸ್ವಲ್ಪ ನೀರು ಸಿಕ್ಕಿದ್ದು.

"ಸಾರ್, ಕೆಳಗೆ ಕೆರೆ ಥರ ನೀರು ನಿಂತಿರಲ್ವಾ?" ಅಂತ ಒಬ್ಬಳು ಕೇಳಿದಳು. ನಮ್ಮಲ್ಲಿ ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ. ಒಂದು ಇಟ್ಟಿಗೆ, ಒಂದು ಗ್ರಾನೈಟ್ ತುಂಡು ತಂದು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಎರಡನ್ನೂ ರಾತ್ರಿಯಿಡೀ ಬಕೆಟ್ ನೀರಿನಲ್ಲಿಟ್ಟು ಬೆಳಿಗ್ಗೆ ಮತ್ತೆ ತೂಗಿದೆವು. ಇಟ್ಟಿಗೆ ನೀರು ಕುಡಿದು ಭಾರವಾಗಿತ್ತು. ಕಲ್ಲು ಇದ್ದ ಹಾಗೇ ಇತ್ತು. ನಮ್ಮ ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ನೀರು, ತಪ್ಪಿದರೆ ಧೂಳು. ಆ ಹುಡುಗಿಯ ಮನೆಯಲ್ಲಿ ಅಷ್ಟರೊಳಗೆ ಮೂರು ಬೋರ್ ಫೇಲಾಗಿದ್ದವು. "ಹಾಗಾದ್ರೆ ಮೂರು ಸಲವೂ ಬಿರುಕು ತಪ್ಪಿತಾ ಸಾರ್?" ಅಂದಳು. ನಾನು ಹೌದು ಅಂದೆ. ನಾಲ್ಕನೆಯದಕ್ಕೂ ಅವರಪ್ಪ ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡುವವರನ್ನೇ ಕರೆಸಿದರು ಅನ್ನಿ. ನನ್ನ ಪಾಠ ಅಲ್ಲಿವರೆಗೆ ಮುಟ್ಟಲಿಲ್ಲ.

ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮಾರ್ಕ್ಸ್ ತೆಗೆಯುತ್ತಾರೆ. ಕಾಲಡಿಯ ಕಲ್ಲು ಯಾವುದು ಅಂದರೆ ಗೊತ್ತಿಲ್ಲ. ನಮಗೂ ಒಮ್ಮೆ ಶಿಲೆಗಳ ಪೆಟ್ಟಿಗೆ ಬಂದಿತ್ತು. ಲೇಬಲ್ ಉದುರಿ ಹೋಯಿತು, ಕಳೆದರೆ ಯಾರು ಉತ್ತರ ಕೊಡುವುದು ಅಂತ ಬೀರುವಿಗೆ ಬೀಗ ಬಿತ್ತು. ದಯವಿಟ್ಟು ಇನ್ನೊಂದು ಪೆಟ್ಟಿಗೆ ಕಳಿಸಬೇಡಿ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಅಡುಗೆಮನೆಯ ಕಡಪ ಕಲ್ಲು ಎರಡೂ ಸುಣ್ಣದಕಲ್ಲಿನ ಜಾತಿಯವೇ. ಕಡಪದ ಮೇಲೆ ನಿಂಬೆರಸ ಬಿದ್ದರೆ ಬಿಳಿ ಕಲೆ ಯಾಕೆ ಅಂತ ಪ್ರತಿ ಅಮ್ಮನಿಗೂ ಒಂದು ಪ್ರಶ್ನೆ ಇರುತ್ತದೆ. ಆ ಕಲ್ಲನ್ನು ಕೆರೆದು ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಗ್ರಾನೈಟಿನ ಪುಡಿಗೆ ಏಳುವುದಿಲ್ಲ. ಇದಕ್ಕೆ ಯಾವ ಲ್ಯಾಬು ಬೇಕು?

ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಬಂಡೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಲಾವಾ ನೀರಿನೊಳಗೆ ಉಕ್ಕಿದಾಗ ಮೇಲಿನ ಪದರ ತಟ್ಟನೆ ಗಟ್ಟಿಯಾಗಿ ಒಳಗಿನದು ಉಂಡೆಯಾಗುತ್ತದೆ. ಇದನ್ನು ನಾನು ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗಲಿಲ್ಲ. ಬಿಸಿಯೂಟದ ಅಕ್ಕ ಬೆಲ್ಲದ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ತೋರಿಸಿದರು. ಪಾಕ ಉಂಡೆ ಕಟ್ಟಿತು, ಪಾಠ ಮುಗಿಯಿತು. ಆಮೇಲೆ ಮರಡಿಹಳ್ಳಿಗೆ ಹೋದೆವು. ಸ್ಮಾರಕ ಆದ್ದರಿಂದ ಸುತ್ತಿಗೆ ಒಯ್ಯಲಿಲ್ಲ, ಕೈಯಿಂದ ಸವರಿದೆವು. ಒಂದು ಕೊಡ ನೀರಿಗೆ 600 ಅಡಿ ಕೊರೆಯುವ ನಮ್ಮ ಸೀಮೆ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಅಂದಾಗ ಮಕ್ಕಳು ನಕ್ಕರು, ನಂಬಲಿಲ್ಲ. ಪಾಕ ನೆನಪಿಸಿದ ಮೇಲೆ ಸುಮ್ಮನಾದರು.

ಬೇರೆ ಜಿಲ್ಲೆಗಳಿಗೆ ಅವರವರ ಕಲ್ಲು, ಅವರವರ ಗುಡ್ಡ ಇದೆ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತಲ್ಲ, ಆ ಕಡೆಯ ಮಕ್ಕಳು ಟ್ರೇಯಲ್ಲಿ ಮಣ್ಣಿನ ಇಳಿಜಾರು ಮಾಡಿ, ಬುಡ ಕಡಿದು, ನೀರು ಹಾಕಿ ನೋಡಬೇಕು.

ಬೋರ್ ನಿಮ್ಮ ಇಲಾಖೆಯದಲ್ಲ, ಗೊತ್ತಿದೆ. ಗ್ರಾಮೀಣಾಭಿವೃದ್ಧಿ ಸಚಿವರು ನಿಮ್ಮ ಸಂಪುಟದವರೇ ತಾನೇ? ಬಿಲ್ಲು ಅಡಿ ಲೆಕ್ಕದಲ್ಲೇ ಆಗುವುದರಿಂದ ಆಳವನ್ನು ಹೇಗೂ ಬರೆದುಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಅದೇ ಅಂಕಿ ಬರೆದರೆ ಸಾಕು. ಆ ಧೂಳು ಎದೆಗೆ ಒಳ್ಳೆಯದಲ್ಲ, ಅದಕ್ಕೇ ಮಕ್ಕಳು ರಿಗ್ಗಿನ ಹತ್ತಿರ ಹೋಗುವುದು ಬೇಡ, ಒದ್ದೆ ಪುಡಿಯೇ ಶಾಲೆಗೆ ಬರಲಿ ಅನ್ನುತ್ತಿದ್ದೇನೆ. ಪಾಯಿಂಟ್ ನೋಡಲು ಬರುವ ಜಿಯಾಲಜಿಸ್ಟ್ ಅರ್ಧ ಗಂಟೆ ಶಾಲೆಗೆ ಬಂದು ಹೋದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಬೋರ್ ಲಾರಿಗಳ ಓಡಾಟ ಜನವರಿಯಿಂದ ಜಾಸ್ತಿ. ಆದೇಶ ಅದಕ್ಕೆ ಮುಂಚೆ ಹೊರಡಲಿ. ಏಪ್ರಿಲ್‌ನಲ್ಲಿ ಬಂದರೆ ಶಾಲೆಗೆ ರಜೆ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರು