ಕಂಬ ಬದಲಿಸುವ ಅರ್ಜಿ: ಭಾನುವಾರ ಸಹಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಕಡಲ ಬದಿ ರಸ್ತೆಯ ಮನೆಯವರು ಪೂರ್ತಿ ಓದಿ. ದೇವಸ್ಥಾನದ ತಿರುವಿನ ಕಬ್ಬಿಣದ ಕರೆಂಟ್ ಕಂಬದ ಬುಡ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದರ ಜಾಗಕ್ಕೆ ಫೈಬರ್‌ಗ್ಲಾಸ್ (ಗಾಜಿನ ನಾರನ್ನು ರಾಳದಲ್ಲಿ ಸೇರಿಸಿ ಮಾಡಿದ) ಕಂಬ ಕೊಡಿ ಎಂದು ಅರ್ಜಿ ಬರೆದಿದ್ದೇವೆ.

ಯಾಕೆ ಅಂದರೆ, ಉಪ್ಪುಗಾಳಿಗೆ ಇದು ತುಕ್ಕು ಹಿಡಿಯುವುದಿಲ್ಲ. ಸಿಮೆಂಟ್ ಕಂಬವಾದರೆ 300 ಕಿಲೋ ಮೇಲೆಯೇ ತೂಗುತ್ತದೆ, ಕ್ರೇನ್ ನಮ್ಮ ಓಣಿಗೆ ನುಗ್ಗುವುದಿಲ್ಲ ಅಲ್ವಾ? ಫೈಬರ್‌ಗ್ಲಾಸ್ ಕಂಬ ಎಷ್ಟೋ ಹಗುರ, ನಾಲ್ಕೈದು ಜನ ಹೊತ್ತು ತರಬಹುದು. ಗಾಳಿಗೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಈ ಕಂಬದ ಮೂಲಕ ಕರೆಂಟ್ ಹರಿಯುವುದಿಲ್ಲ, ಹಾಗಂತ ಮಳೆಯಲ್ಲಿ ಮುಟ್ಟಬೇಡಿ, ಅರ್ತಿಂಗ್ ತಂತಿ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಇದ್ದೇ ಇರುತ್ತದೆ. ಬೆಲೆ ಜಾಸ್ತಿ, ಅದು ನಿಜ. ಬಿಸಿಲಿಗೆ ಮೇಲ್ಮೈ ಸವೆದು ನಾರು ಏಳದಂತೆ ಲೇಪನ ಇರುವ ಕಂಬವನ್ನೇ ಕೇಳಿದ್ದೇವೆ.

ಭಾನುವಾರ ಬೆಳಿಗ್ಗೆ 10ಕ್ಕೆ ಅಂಗನವಾಡಿ ಹತ್ತಿರ ಬನ್ನಿ. ಹಳೇ ಕರೆಂಟ್ ಬಿಲ್ ತನ್ನಿ, ಅದರಲ್ಲಿರುವ ಆರ್.ಆರ್. ನಂಬರ್ (ನಿಮ್ಮ ಕರೆಂಟ್ ಸಂಪರ್ಕದ ನಂಬರ್) ಬರೆಯಬೇಕು. ತುಕ್ಕಿನ ಫೋಟೋ ಇದ್ದರೆ ದೂರದಿಂದ ತೆಗೆದದ್ದನ್ನೇ ಹಾಕಿ, ಸುಮ್ನೆ ಹತ್ತಿರ ಹೋಗಬೇಡಿ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ 'ಬರುತ್ತೇನೆ' ಎಂದು ಹಾಕಿ. ಊರಲ್ಲಿ ಇಲ್ಲದವರು ಮನೆಯವರನ್ನು ಕಳಿಸಿ.